ನಕ್ಷೆಯ ಹಿಂಬದಿ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ನುಣುಪಾದ ಕಂದು ಚರ್ಮವಷ್ಟೇ ಇತ್ತು. ನೌಕರಿಗೆ ಸೇರಿದ ಮೊದಲ ವರ್ಷ ಖಾನಾಪುರ ತಾಲೂಕಿನ ಯಾವುದೋ ಹೊಲದಲ್ಲಿ ಗಡಿಕಲ್ಲು ನೆಡಿಸುವಾಗ ಕಲ್ಲು ಜಾರಿ ಕಾಲ ಮೇಲೆ ಬಿದ್ದಿತ್ತಂತೆ. ಆ ಬೆರಳು ನಮಗೆಲ್ಲ ಚೆನ್ನಾಗಿ ಪರಿಚಯವಿತ್ತು. ಏಕೆಂದರೆ ಯಾವ ಜಮೀನು ನೋಡಲು ಹೋದರೂ ಅವರು ಅಂಚಿನಲ್ಲೇ ಚಪ್ಪಲಿ ಕಳಚಿ, ಪ್ಯಾಂಟಿನ ಕಾಲನ್ನು ಎರಡು ಮಡಿಕೆ ಮೇಲೇರಿಸಿ, ಬರಿಗಾಲಿನಲ್ಲಿ ಒಳಗಿಳಿಯುತ್ತಿದ್ದರು. ಮೊದಲ ಸಲ ಕಂಡಾಗ ನಾನು ಅದನ್ನು ಭಕ್ತಿ ಎಂದುಕೊಂಡು ನನ್ನ ಚಪ್ಪಲಿಯನ್ನೂ ಬಿಟ್ಟೆ. ಹತ್ತು ಹೆಜ್ಜೆಗೆ ಜಾಲಿಮುಳ್ಳು ಹೊಕ್ಕಿತು. ಅವರು ತಿರುಗಿ ನೋಡಿ, "ನಿಮಗ್ಯಾರು ಬಿಡಾಕ ಹೇಳಿದ್ರು ಬಾಯಾರ? ನನ್ನ ಕಾಲಿಗೆ ನೆಲ ಎಲ್ಲಿ ಹಸಿ, ಎಲ್ಲಿ ಒಣ ತಿಳೀತೈತಿ. ನಿಮ್ಮ ಕಾಲಿಗೆ ಮುಳ್ಳಷ್ಟ ತಿಳೀತಾವು" ಎಂದರು.

ಸರ್ವೇಯರ್ ಆಗಿ ನಿವೃತ್ತರಾದವರು. ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿ, ಚರ್ಚಿನ ಹಿಂದಿನ ಓಣಿಯೊಂದರ ಹಳೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಮನೆಯೊಳಗೆ ಉರ್ದು, ಓಣಿಗೆ ಬಂದರೆ ಕನ್ನಡ, ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಹೋದರೆ ಮರಾಠಿ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಜನ್ಮವಿಡೀ ಊರವರ ಜಮೀನು ಅಳೆದ ಮನುಷ್ಯನ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ನಮ್ಮ ಗುಂಪಿನಲ್ಲಿದ್ದ ನಿವೃತ್ತ ಸುಬೇದಾರರು ಒಮ್ಮೆ ಅದನ್ನೇ ಹಿಡಿದು ಕೆಣಕಿದರು. ಎಲ್ಲ ಜಮೀನಿನ ಹುಳುಕು ಗೊತ್ತಿದ್ದವನು ಯಾವುದನ್ನು ಕೊಳ್ಳಬೇಕು ನೀವೇ ಹೇಳಿ ಎಂದು ಚಾಚಾ ಸುಬೇದಾರರ ಬಾಯಿ ಮುಚ್ಚಿಸಿದರು.

ಗುಂಪು ಎಂದೆ. ಅದರ ಬಗ್ಗೆಯೂ ಹೇಳಬೇಕು. ಭಾನುವಾರ ಬೆಳಿಗ್ಗೆ ಕ್ಯಾಂಪಿನ ಒಂದು ಚಹಾದಂಗಡಿಯ ಮುಂದಿನ ಎರಡು ಬೆಂಚುಗಳ ಮೇಲೆ ನಾವು ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಸುಬೇದಾರರು, ಒಬ್ಬ ಬ್ಯಾಂಕ್ ಕ್ಯಾಷಿಯರ್, ಸರಕಾರಿ ದವಾಖಾನೆಯ ನರ್ಸಬಾಯಿ, ಹಿಂದವಾಡಿಯಿಂದ ಸ್ಕೂಟರಿನಲ್ಲಿ ಬರುವ ಗಣಿತದ ಟೀಚರಾದ ನಾನು, ಚಾಚಾನ ಬಾಯಲ್ಲಿ 'ಬಾಯಾರು', ಅಂದರೆ ಟೀಚರಮ್ಮ. ಫೋನಿನಲ್ಲಿ ನಮಗೆ 'ಹೂಡಿಕೆದಾರರು' ಎಂಬ ದೊಡ್ಡ ಹೆಸರಿನ ವಾಟ್ಸಾಪ್ ಗುಂಪೂ ಇತ್ತು. ಹೂಡಿಕೆ ಎಂದರೆ ಐದು ಗುಂಟೆ, ಹತ್ತು ಗುಂಟೆ. ಹೊಲ ಕೊಳ್ಳಲು ರೈತರೇ ಆಗಿರಬೇಕೆಂಬ ನಿಯಮ ಸಡಿಲವಾದ ಮೇಲೆ ನಮ್ಮಂಥವರಿಗೆಲ್ಲ ಏಕಾಏಕಿ ಮಣ್ಣಿನ ಮೇಲೆ ಪ್ರೀತಿ ಉಕ್ಕಿತ್ತು. ಯಾವ ಕಡೆ ರಸ್ತೆ ಅಗಲವಾಗುತ್ತದೆ, ಯಾವ ಊರಿನಲ್ಲಿ ದರ ಏರುತ್ತದೆ ಎಂದು ನಾವು ಮಾತಾಡುವುದನ್ನು ಕೇಳಿದವರು ಅರ್ಧ ಬೆಳಗಾವಿ ನಮ್ಮದೇ ಎಂದುಕೊಳ್ಳಬೇಕು, ಹಾಗಿರುತ್ತಿತ್ತು ನಮ್ಮ ದಿಮಾಕು.

ಚಾಚಾ ಈ ಮಾತುಗಳಲ್ಲಿ ಸೇರುತ್ತಿರಲಿಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ ಕೂತಿರುತ್ತಿದ್ದರು. ಯಾರಾದರೂ ಹೊಸ ಜಾಗದ ಸುದ್ದಿ ತೆಗೆದರೆ ಮಾತ್ರ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ? ಮಾರುವವನ ಅಕ್ಕತಂಗಿಯರು ಸಹಿ ಮಾಡುತ್ತಾರೆಯೇ, ಅವರನ್ನು ಕಣ್ಣಾರೆ ಕಂಡಿರೇ? ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಬಾಜೂ ಹೊಲದವನನ್ನು ಮಾತಾಡಿಸಿದಿರಾ? ದರದ ಬಗ್ಗೆ ಮಾತ್ರ ಅವರು ಒಮ್ಮೆಯೂ ಕೇಳಿದ್ದಿಲ್ಲ. ಯಾಕೆಂದು ಕೇಳಿದವರಿಗೆ, "ಕಾಗದ ಕಚೇರ್ಯಾಗ ಕುಂತಿರತೈತಿ, ಜಮೀನು ಊರ ಹೊರಗ ಮಲಗಿರತೈತಿ. ಎರಡೂ ಒಂದಕ್ಕೊಂದು ಭೇಟಿ ಆಗೇ ಇರಂಗಿಲ್ಲ. ನಾ ಭೇಟಿ ಮಾಡಸಾಂವ ಅಷ್ಟ" ಎನ್ನುತ್ತಿದ್ದರು.

ಭೇಟಿ ಮಾಡಿಸುವ ರೀತಿ ಹೀಗೆ. ಕರೆದವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು, ಟಿಕೇಟು ತಾವೇ ತೆಗೆಸುತ್ತಿದ್ದರು. ಇಡೀ ಜಾಗವನ್ನು ಬರಿಗಾಲಲ್ಲಿ ಸುತ್ತಿ, ತುಟಿ ಅಲುಗಿಸುತ್ತ ಹೆಜ್ಜೆ ಎಣಿಸಿ, ಬದುವಿನ ಮೇಲೆ ಕೂತು ಗೆರೆಯಿಲ್ಲದ ಬಿಳಿ ಹಾಳೆಯೊಂದರಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆಯುತ್ತಿದ್ದರು. ಗಡಿಕಲ್ಲು, ಗಿಡ, ಬಾವಿ, ಕರೆಂಟಿನ ಕಂಬ, ಕಾಲುದಾರಿ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಅದು ಮುಂಬದಿ. ಆಮೇಲೆ ಹಾಳೆ ಮಗುಚಿ, ತಮಗೆ ಉತ್ತರ ಸಿಗದ ಪ್ರಶ್ನೆಗಳನ್ನು ಹಿಂಬದಿಗೆ ಬರೆಯುತ್ತಿದ್ದರು. ಪ್ರಶ್ನೆ ಇಲ್ಲದಿದ್ದರೆ ಹಿಂಬದಿ ಖಾಲಿ. ಕೊಳ್ಳಿರಿ, ಬಿಡಿರಿ ಎಂದು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಹಿಂಬದಿ ಖಾಲಿ ಇರುವ ನಕ್ಷೆ ಕೈಗೆ ಬಂತೆಂದರೆ ನಮ್ಮ ಗುಂಪಿನವರು ಕಣ್ಣು ಮುಚ್ಚಿ ಮುಂದುವರಿಯುತ್ತಿದ್ದರು. ವಕೀಲರ ಅಭಿಪ್ರಾಯಕ್ಕಿಂತ ನಮಗೆ ಅದು ದೊಡ್ಡದಾಗಿತ್ತು.

ಸುಬೇದಾರರಿಗೆ ಖಾನಾಪುರದ ಆಚೆ ಒಂದು ಜಾಗ ಬಹಳ ಹಿಡಿಸಿತ್ತು. ಏಪ್ರಿಲ್ ತಿಂಗಳು, ಸಮತಟ್ಟಾದ ನೆಲ, ಹಿಂದೆ ಹಸಿರು ಗುಡ್ಡ. ಚಾಚಾ ನಡುಮಧ್ಯೆ ನಿಂತು ಉಗುರಿಲ್ಲದ ಬೆರಳಿನಿಂದ ಮಣ್ಣು ಕೆದರಿದರು. ಸಣ್ಣ ಸಣ್ಣ ಬಸವನಹುಳದ ಚಿಪ್ಪು ಮೇಲೆ ಬಂದವು. ಅವುಗಳನ್ನು ಸುಬೇದಾರರ ಅಂಗೈಯಲ್ಲಿಟ್ಟು, ಶ್ರಾವಣದಲ್ಲಿ ಬಂದು ಇವುಗಳ ಮಾಲೀಕರನ್ನು ಕಾಣಿರಿ ಎಂದರು. ಜುಲೈ ಕೊನೆಗೆ ನಾವು ನಾಲ್ಕು ಮಂದಿ ಛತ್ರಿ ಹಿಡಿದು ಹೋದೆವು. ಮೊಣಕಾಲುಮಟ್ಟ ನೀರು ನಿಂತಿತ್ತು, ಒಂದು ಎಮ್ಮೆ ಹಾಯಾಗಿ ಮಲಗಿತ್ತು. ಸುಬೇದಾರರು ಅಲ್ಲೇ ನಿಂತು ಚಾಚಾಗೆ ಸೆಲ್ಯೂಟ್ ಹೊಡೆದರು. "ಹೆಣ್ಣ ನೋಡಾಕ ಹೋದಂಗ ಒಮ್ಮೆ ಚಾ ಕುಡದು ಬಂದ್ರ ಜಮೀನು ತಿಳಿಯಂಗಿಲ್ರಿ. ಮಳ್ಯಾಗ ಒಮ್ಮೆ, ಬ್ಯಾಸಗ್ಯಾಗ ಒಮ್ಮೆ, ಪೀಕು ನಿಂತಾಗ ಒಮ್ಮೆ ನೋಡಬೇಕು" ಎಂದು ಚಾಚಾ ಹೇಳಿದ್ದನ್ನು ನಾನು ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಯಾವತ್ತೂ ಮುಂದು.

ಇನ್ನು ನನ್ನ ಕಥೆಗೆ ಬರಬೇಕು. ಇಷ್ಟು ಹೊತ್ತು ತಡಮಾಡಿದ್ದು ಬೇಕೆಂದೇ.

ಪಾರಿಶ್ವಾಡದ ಹತ್ತಿರ ಹತ್ತು ಗುಂಟೆ ಹೊಲವನ್ನು ಒಬ್ಬ ಏಜೆಂಟ್ ತೋರಿಸಿದ. ಮಾರ್ಚ್ ತಿಂಗಳು. ಸುಗ್ಗಿ ಮುಗಿದು ಸುತ್ತಲಿನ ಹೊಲಗಳೆಲ್ಲ ಬೋಳಾಗಿದ್ದವು. ಡಾಂಬರು ರಸ್ತೆಯಿಂದ ಇಳಿದ ಕಾರು ನೇರವಾಗಿ ಆ ಜಾಗದೊಳಗೇ ಹೋಗಿ ನಿಂತಿತು. ನಡುವೆ ಚಕ್ಕಡಿಯ ಗಾಲಿಯ ಗುರುತು ಅಗಲವಾಗಿ, ಚೆನ್ನಾಗಿ ಕಾಣುತ್ತಿತ್ತು. ಇಷ್ಟು ಒಳ್ಳೆಯ ದಾರಿ ಇದೆಯಲ್ಲ ಎಂದು ನಾನೇ ಅಂದೆ, ಏಜೆಂಟ್ ಹೌದೆಂದು ತಲೆಯಾಡಿಸಿದ. ಇನ್ನೊಬ್ಬರು ಕಾದಿದ್ದಾರೆ ಎಂದ. ನನ್ನ ಸ್ವಂತ ದುಡಿಮೆಯ ಉಳಿತಾಯ, ನನ್ನ ಹೆಸರಿನ ಮೊದಲ ಜಾಗ ಎಂಬ ಹುರುಪಿನಲ್ಲಿ ಅಂದೇ ಮುಂಗಡದ ಇಸಾರ ಕೊಟ್ಟುಬಿಟ್ಟೆ. ಮನೆಯಲ್ಲೂ ಶಾಲೆಯ ಸ್ಟಾಫ್ ರೂಮಿನಲ್ಲೂ ಡಂಗುರ ಸಾರಿದೆ. ಯಾರ ಸಲಹೆಯೂ ಇಲ್ಲದೆ ಒಬ್ಬಳೇ ಮುಗಿಸಿದೆ ಎಂಬ ಜಂಬ ಬೇರೆ.

ಮುಂದಿನ ವಾರ ಚಾಚಾನನ್ನು ಕರೆದುಕೊಂಡು ಹೋದೆ. ಕೇಳಲಿಕ್ಕಲ್ಲ, ಹೊಗಳಿಸಿಕೊಳ್ಳಲಿಕ್ಕೆ. ಅವರು ಚಪ್ಪಲಿ ಬಿಟ್ಟರು, ಸುತ್ತಿದರು. ಆಮೇಲೆ ಬಾಜೂ ಹೊಲದಲ್ಲಿ ಕಸ ಸುಡುತ್ತಿದ್ದ ರೈತನ ಹತ್ತಿರ ಹೋಗಿ ಮಾತಿಗೆ ಕೂತರು. ಆ ರೈತ ಬೀಡಿ ಹಚ್ಚಿ, ನೀವು ಕಾರು ಓಡಿಸಿದ್ದು ದಾರಿಯಲ್ಲ, ಅದು ನನ್ನ ಹೊಲ, ಸುಗ್ಗಿಯಾದ ಮೇಲೆ ಎಲ್ಲರೂ ಚಕ್ಕಡಿ ಹೊಡೆಯುತ್ತಾರೆ, ಬಿತ್ತಿದ ಮೇಲೆ ಯಾರನ್ನೂ ಬಿಡುವುದಿಲ್ಲ ಎಂದ. ಸಿಟ್ಟಿನಿಂದೇನೂ ಹೇಳಲಿಲ್ಲ. ನಾನೂ ಅಲ್ಲೇ ನಿಂತು ಕೇಳಿಸಿಕೊಂಡೆ. ಚಾಚಾ ಬಂದು ಬದುವಿನ ಮೇಲೆ ಕೂತು ನಕ್ಷೆ ಬರೆದರು. ಅದರಲ್ಲಿ ಆ ಗಾಲಿಯ ಗುರುತೂ ಚುಕ್ಕೆಚುಕ್ಕೆಯ ಗೆರೆಯಾಗಿ ಬಂತು. ಹಾಳೆ ಮಗುಚಿ ಮೂರು ಸಾಲು ಬರೆದರು. ಈ ಜಾಗಕ್ಕೆ ಕಾಗದದಲ್ಲಿ ದಾರಿ ಎಲ್ಲಿದೆ? ಬಾಜೂದವನು ಬಿಡುವುದಿಲ್ಲ ಎನ್ನುತ್ತಾನೆ, ಅದಕ್ಕೆ ಏನು ವ್ಯವಸ್ಥೆ? ಇದಕ್ಕೆ ಮಾರುವವನು ಏನು ಬರೆದುಕೊಡುತ್ತಾನೆ? ಇಸಾರ ಕೊಟ್ಟಾಗಿದೆ ಎಂದು ನಾನು ಆಗಷ್ಟೇ ಬಾಯಿಬಿಟ್ಟೆ. ಅವರು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿ, "ಹೋದ್ರ ಹೋಗಲಿ ಬಾಯಾರ. ಮನ್ಯಾಗ ಖರೇ ಹೇಳಿಬಿಡ್ರಿ" ಎಂದರು.

ಮನೆಯಲ್ಲಿ ಹೇಳಲಿಲ್ಲ. ನನ್ನ ಗಂಡ ಬೈಯುವವರಲ್ಲ, ನಗುವವರೂ ಅಲ್ಲ. ಆದರೂ ಹೇಳಲಾಗಲಿಲ್ಲ. ಖರೀದಿ ಮುಗಿಸಿದೆ. ನಕ್ಷೆಯನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಚಾಚಾ ಮತ್ತೆ ಕೇಳಲಿಲ್ಲ. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಎರಡು ಮಳೆಗಾಲ ಕಳೆದವು. ಶೇಂಗಾ ಬಿತ್ತಿದ ಹೊಲದ ಈಚೆ ರಸ್ತೆಯಲ್ಲಿ ನಿಂತು ನನ್ನ ಜಾಗವನ್ನು ದೂರದಿಂದ ನೋಡಿ ಬರುವುದಷ್ಟೇ ನನ್ನ ಯಜಮಾನಿಕೆಯಾಯಿತು. ಮೂರನೇ ವರ್ಷ, ಮತ್ತೆ ಹೊಲಗಳು ಬೋಳಾದ ಕಾಲಕ್ಕೆ, ಮಾರುವುದಾಗಿ ಗುಂಪಿನಲ್ಲಿ ಹಾಕಿದೆ.

ನರ್ಸಬಾಯಿಗೆ ನಿವೃತ್ತಿ ಹತ್ತಿರವಾಗಿತ್ತು. ದವಾಖಾನೆಯ ಕ್ವಾರ್ಟರ್ಸ್ ಬಿಡಬೇಕಿತ್ತು. ಮದುವೆಯಾದವರಲ್ಲ, ಪಾರಿಶ್ವಾಡದ ಕಡೆಯವರೇ, ತಮ್ಮ ಊರಿನ ಮಗ್ಗುಲಲ್ಲಿ ಎರಡು ಕೋಣೆಯ ಮನೆ ಕಟ್ಟಿ ಕೊನೆಗಾಲ ಕಳೆಯುವ ಆಸೆ. ಮೂವತ್ತು ವರ್ಷ ಇನ್ನೊಬ್ಬರ ಹಾಸಿಗೆ ಪಕ್ಕ ನಿಂತವರು ಸ್ವಂತ ಬಾಗಿಲ ಮುಂದೆ ಕೂರಬೇಕು ಎನ್ನುತ್ತಿದ್ದರು. ನನ್ನ ಜಾಗ ನೋಡಿ ಬಂದರು. ಕಾರು ನೇರವಾಗಿ ಒಳಗೆ ಹೋಯಿತು. ಅವರು ಕೇಳಿದ ಮೊದಲ ಮಾತು, ಚಾಚಾ ನೋಡಿದ್ದಾರೆಯೇ ಎಂದು.

ಚಾಚಾ ಆಗ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹುಬ್ಬಳ್ಳಿಯ ಮಗಳ ಮನೆಗೆ ಹೋಗಿದ್ದರು. ಆ ತಿಂಗಳನ್ನೇ ನಾನು ಆರಿಸಿಕೊಂಡಿದ್ದೆ. ನೋಡಿದ್ದಾರೆ, ನಕ್ಷೆ ಇದೆ, ಜೆರಾಕ್ಸ್ ಕೊಡುತ್ತೇನೆ ಎಂದೆ. ಫೋನಿನಲ್ಲಿ ಒಂದು ಮಾತು ಕೇಳಲೇ ಎಂದರು. ಆಪರೇಷನ್ ಆದವರಿಗೆ ತ್ರಾಸ ಕೊಡುವುದು ಬೇಡ ಎಂದು ನಾನೇ ತಡೆದೆ. ಅಷ್ಟು ಕಾಳಜಿ ನನಗೆ.

ಹಿಂದವಾಡಿಯಲ್ಲಿ ನಮ್ಮ ಮನೆಯ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ ಹಾಳೆಯನ್ನು ತಿರುಗಿಸಿ ನೋಡಿ, "ಎರಡೂ ಬಾಜೂ ತಗೀಲೇನ್ರೀ ಟೀಚರ?" ಎಂದು ಕೇಳಿದಳು.

"ಒಂದ ಸಾಕು" ಎಂದೆ.

ಆ ಎರಡು ಪದ ಹೇಳುವಾಗ ತರಗತಿಯಲ್ಲಿ ಲೆಕ್ಕ ಬಿಡಿಸುವಾಗಿನ ದನಿಯೇ ಇತ್ತು. ನರ್ಸಬಾಯಿ ಜೆರಾಕ್ಸ್ ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಲ ಹಾಳೆಯ ಹಿಂದೆ ಏನಾದರೂ ಬರೆದಿದ್ದರೇ ಎಂದು ಕೇಳಿದರು. ಏನಿಲ್ಲ ಎಂದೆ. ಅವರು ನಕ್ಕು ಹಾಳೆ ಮಡಚಿ ಪರ್ಸಿನಲ್ಲಿಟ್ಟುಕೊಂಡರು. ತಿಂಗಳೊಳಗೆ ಜಾಗ ಅವರ ಹೆಸರಿಗಾಯಿತು.

ಮಳೆ ಬಿತ್ತು. ರೈತ ಬಿತ್ತನೆ ಮಾಡಿ ಮುಳ್ಳಿನ ಬೇಲಿ ಎಳೆದ. ಅಡಿಪಾಯಕ್ಕೆಂದು ನರ್ಸಬಾಯಿ ತರಿಸಿದ ಕಲ್ಲಿನ ಟ್ರ್ಯಾಕ್ಟರ್ ರಸ್ತೆಯಲ್ಲೇ ನಿಂತು, ಕಲ್ಲು ಸುರಿದು ವಾಪಸಾಯಿತು. ಮುಂದಿನ ಭಾನುವಾರ ಅವರು ಚಹಾದಂಗಡಿಗೆ ಬಂದರು. ಎಲ್ಲರೂ ಇದ್ದೆವು. ಚಾಚಾ ಹೊಸ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನರ್ಸಬಾಯಿ ಪರ್ಸಿನಿಂದ ಜೆರಾಕ್ಸ್ ತೆಗೆದು ಅವರ ಮುಂದಿಟ್ಟರು.

"ಇದು ನೀವ ಬರದದ್ದು ಹೌದಲ್ರೀ ಚಾಚಾ?"

ಚಾಚಾ ನೋಡಿದರು. "ಹೌದು, ನಂದ."

"ಬಾಜೂ ಹೊಲದಾಂವ ಹೇಳತಾನ, ಇದು ದಾರಿ ಅಲ್ಲಂತ ನಿಮಗ ಆವತ್ತ ಹೇಳಿದ್ನಂತ. ಖರೇ ಏನ್ರೀ?"

"ಖರೇ."

"ಮತ್ತ ಯಾಕ ಬರೀಲಿಲ್ಲ?"

ಚಾಚಾ ಹಾಳೆಯನ್ನು ಮಗುಚಿದರು. ಬೆಳ್ಳಗೆ ಖಾಲಿ ಇತ್ತು. ಪಕ್ಕದ ಬೆಂಚಿನಲ್ಲಿ ನಾನಿದ್ದೆ, ಮೂರು ಮೊಳ ದೂರ. ಅವರು ನನ್ನ ಕಡೆ ತಿರುಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ವಯಸ್ಸಾತು ತಂಗೀ. ಬರೀಬೇಕಿತ್ತು. ತಪ್ಪು ನಂದು."

ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಎದ್ದು ನಿಲ್ಲಬೇಕಿತ್ತು. ಮೂಲ ಹಾಳೆ ನನ್ನ ಕಪಾಟಿನಲ್ಲಿದೆ ಎನ್ನಬೇಕಿತ್ತು. ಬದಲಿಗೆ ಮುಂದಿದ್ದ ಚಹಾ ಕುಡಿದೆ. ನರ್ಸಬಾಯಿ ಅಳುತ್ತ ನನ್ನ ಪಕ್ಕ ಬಂದು ಕೂತು, ನಿಮಗೂ ಗೊತ್ತಿರಲಿಲ್ಲ ಪಾಪ, ನೀವೂ ಇವರನ್ನೇ ನಂಬಿ ತಗೊಂಡಿದ್ದಿರಿ ಎಂದು ನನಗೇ ಸಮಾಧಾನ ಹೇಳಿದರು. ನಾನು ಅವರ ಬೆನ್ನು ಸವರಿದೆ.

ಮುಂದಿನ ವಾರಗಳಲ್ಲಿ ಬೆಂಚು ಖಾಲಿಯಾಗತೊಡಗಿತು. ಯಾರೂ ಅವರಿಗೆ ಎದುರಾಗಿ ಏನೂ ಅನ್ನಲಿಲ್ಲ. ಕಣ್ಣು ಮಂಜಾಗಿತ್ತು, ಮರೆವು ಬಂದಿದೆ, ಪಾಪ ಎನ್ನುತ್ತಿದ್ದರು. ಕ್ಯಾಷಿಯರ್ ಒಂದು ಜಾಗ ಕೊಂಡರು, ಚಾಚಾನನ್ನು ಕರೆಯಲಿಲ್ಲ. ಸುಬೇದಾರರು ಕೂಡ ಕಾಗದಗಳನ್ನು ಬೇರೆ ಯಾರಿಗೋ ತೋರಿಸಿದರು. ನಲವತ್ತು ವರ್ಷ ಒಂದೊಂದೇ ಹೆಜ್ಜೆ ಎಣಿಸಿ ಗಳಿಸಿದ ಹೆಸರು ಒಂದು ಭಾನುವಾರದಲ್ಲಿ ಹೋಯಿತು. ಅದನ್ನು ತಿರುಗಿ ಕೊಡಿಸಬಲ್ಲ ಹಾಳೆ ನನ್ನ ಸೀರೆಗಳ ಕೆಳಗಿತ್ತು, ನಾನು ಪ್ರತಿದಿನ ಅದರ ಮೇಲಿನ ಸೀರೆಯನ್ನು ತೆಗೆದು ಉಟ್ಟುಕೊಳ್ಳುತ್ತಿದ್ದೆ.

ಚಾಚಾ ಮಾತ್ರ ಸುಮ್ಮನೆ ಕೂರಲಿಲ್ಲ. ಮಳೆ ನಿಂತ ಮೇಲೆ ಪಾರಿಶ್ವಾಡಕ್ಕೆ ಓಡಾಡಲು ಶುರುಮಾಡಿದರು. ಖಾನಾಪುರದಲ್ಲಿ ಬಸ್ಸು ಬದಲಿಸಿ, ಇಳಿದು ನಡೆದು, ಆ ರೈತನ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಮೊದಮೊದಲು ರೈತ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಚಾಚಾ ದಾರಿಯ ವಿಷಯ ಎತ್ತದೆ ಅವನ ಬಾವಿ, ಎತ್ತು, ಅಣ್ಣತಮ್ಮಂದಿರ ಹಿಸ್ಸೆ-ಪಾಲಿನ ಜಗಳ ಎಲ್ಲ ಕೇಳಿ ಬರುತ್ತಿದ್ದರು. ರೈತನ ಬಾವಿಗೆ ಮಗ್ಗುಲಾಗಿ ನರ್ಸಬಾಯಿಯ ಜಾಗದ ಒಂದು ಪಟ್ಟಿ ಚಾಚಿಕೊಂಡಿತ್ತು. ಎತ್ತು ತಿರುಗಿಸಲು ಅದು ಅವನಿಗೆ ಬೇಕಿತ್ತು. ಅದನ್ನು ಅವನಿಗೆ ಬಿಟ್ಟುಕೊಟ್ಟರೆ, ಬದುವಿನ ಉದ್ದಕ್ಕೂ ಗಾಡಿ ಹೋಗುವಷ್ಟು ದಾರಿಯನ್ನು ಅವನು ಬರೆದುಕೊಡುವುದು ಎಂಬ ಮಾತಿಗೆ ಬರಲು ಸಂಕ್ರಾಂತಿ ಕಳೆಯಿತು.

ಅಳತೆಯ ದಿನ ನಾನೂ ಅವರ ಜೊತೆ ಹೋದೆ. ನರ್ಸಬಾಯಿಗೆ ಡ್ಯೂಟಿ ಇತ್ತು, ಟೇಪು ಹಿಡಿಯಲು ಒಬ್ಬರು ಬೇಕು ಎಂದು ಚಾಚಾ ನನಗೇ ಫೋನ್ ಮಾಡಿದ್ದರು. ಬದುವಿನ ಮೇಲೆ ಅವರು ಮುಂದೆ, ಟೇಪಿನ ತುದಿ ಹಿಡಿದು ನಾನು ಹಿಂದೆ. ಬರಿಗಾಲಿನ ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ಎರಡೆರಡು ಸಲ ನಿಂತು ಉಸಿರು ತೆಗೆದುಕೊಂಡರು. ರೈತ ನನ್ನನ್ನು ಗುರುತು ಹಿಡಿದು, "ಬಾಯಾರ, ಆವತ್ತ ನೀವೂ ಇಲ್ಲೇ ನಿಂತಿದ್ರಿ ಅಲ್ರೀ, ನಾ ಹೇಳಿದಾಗ?" ಎಂದ. ಚಾಚಾ ತಕ್ಷಣ, ಆ ಕಲ್ಲು ಈ ಕಡೆ ಸರಿಸಿರಿ ಎಂದು ಅವನನ್ನು ಕೆಲಸಕ್ಕೆ ಹಚ್ಚಿದರು.

ವಾಪಸು ಬರುವಾಗ ಖಾನಾಪುರದ ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂರಬೇಕಾಯಿತು. ರೈತ ಕೊಟ್ಟ ಶೇಂಗಾ ಅವರ ಚೀಲದಲ್ಲಿತ್ತು. ಒಂದೊಂದೇ ಸುಲಿದು ಅರ್ಧ ನನ್ನ ಕೈಗೆ ಹಾಕುತ್ತಿದ್ದರು. ಅಲ್ಲಿ ನಾನು ಹೇಳಿದೆ. ಜೆರಾಕ್ಸ್ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಆವತ್ತೇ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮ ಹೆಸರ ಹೇಳಿದ್ರ ಆಕಿಗೆ ದಾರಿ ಸಿಗತಿತ್ತೇನ್ರೀ? ಜಗಳ ಸಿಗತಿತ್ತು. ಮೊದಲ ದಾರಿ ಆಗಲಿ ಅಂದೆ."

ಈ ಭಾನುವಾರ ಎಲ್ಲರ ಮುಂದೆ ನಾನೇ ಹೇಳುತ್ತೇನೆ, ನೀವೂ ಬರಬೇಕು ಎಂದೆ. ಅವರು ಮಡಿಲ ಮೇಲಿನ ಸಿಪ್ಪೆ ಕೊಡವಿದರು. "ಅದು ನಿಮ್ಮ ಹಿಸ್ಸಾ ಬಾಯಾರ. ಅದರಾಗ ನಾ ಕಾಲಿಡಂಗಿಲ್ಲ. ನೀವ ಬರ್ರಿ, ನಾ ಅಲ್ಲೇ ಇರತೇನಿ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ.

ಆ ಭಾನುವಾರ ನಾನು ಹೋಗಲಿಲ್ಲ. ಶಾಲೆಯ ಉತ್ತರ ಪತ್ರಿಕೆಗಳ ನೆಪ ಇತ್ತು. ಮುಂದಿನ ಭಾನುವಾರ ನೆಂಟರ ನೆಪ. ಆಮೇಲೆ ನೆಪಗಳೂ ಬೇಕಾಗಲಿಲ್ಲ, ಭಾನುವಾರಗಳು ತಾವಾಗಿಯೇ ದಾಟಿದವು. ನರ್ಸಬಾಯಿಯ ದಾರಿ ನೋಂದಣಿಯಾಯಿತು, ಮನೆ ಮೇಲೆದ್ದಿತು. ಆ ದಾರಿ ಮಾಡಿಸಿಕೊಟ್ಟದ್ದಕ್ಕೆ ಅವರು ಚಾಚಾಗೆ ಕೃತಜ್ಞರಾಗಿದ್ದರು. ಆದರೂ ತನ್ನ ತಪ್ಪನ್ನು ತಾನೇ ತಿದ್ದಿದರು ಎಂದೇ ಹೇಳುತ್ತಿದ್ದರು. ಗುಂಪಿನವರೂ ಹಾಗೇ ಹೇಳುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಬೆಳಗಿನ ನಮಾಜಿಗೆ ಎದ್ದು, ಕೈಕಾಲು ತೊಳೆದು, ಒಂದು ನಿಮಿಷ ಎಂದು ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ನಾನು ಕ್ಯಾಂಪಿನ ಮನೆಗೆ ಹೋದೆ. ಹೊರಗೆ ಗಂಡಸರ ನಡುವೆ ಸುಬೇದಾರರು ನಿಂತಿದ್ದರು. ದೇವರಂಥ ಮನುಷ್ಯ, ಆ ಒಂದು ಜಾಗದಲ್ಲಿ ಕಣ್ಣು ತಪ್ಪಿತಷ್ಟೇ ಎಂದು ಯಾರಿಗೋ ಹೇಳುತ್ತಿದ್ದರು. ನಾನು ತಲೆ ಬಗ್ಗಿಸಿ ಅವರನ್ನು ದಾಟಿ ಒಳಗೆ ಹೋದೆ. ಒಳಗೆ ಹೆಂಗಸರ ನಡುವೆ ಚಾಚಿ ಗೋಡೆಗೆ ಒರಗಿ ಕೂತಿದ್ದರು. ನಾನು ಯಾರೆಂದು ಪಕ್ಕದವರು ಹೇಳಿದ ಮೇಲೆ ನನ್ನ ಕೈ ಹಿಡಿದರು.

"ಐತವಾರ ತಪ್ಪದ ಹೋಗತಿದ್ರು. ಯಾರೂ ಬರಂಗಿಲ್ಲ, ಯಾಕ ಹೋಗತೀರಿ ಅಂದ್ರ, ಟೀಚರ ಒಬ್ರು ಬರಾವರದಾರ ಅಂತಿದ್ರು."

ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಸತ್ತವರ ಮನೆಯಲ್ಲಿ ಇಂಥ ಮಾತು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನೆಪ ಹುಡುಕುವ ಬುದ್ಧಿ ಅಷ್ಟು ಚುರುಕಾಗಿತ್ತು. ಮನೆಗೆ ಬಂದು ಕಪಾಟು ತೆಗೆದೆ. ಅವತ್ತು ನನ್ನ ಗಂಡನಿಗೆ ಮೊದಲ ಬಾರಿಗೆ ಎಲ್ಲ ಹೇಳಿದೆ. ಅವರು ಹಾಳೆಯ ಎರಡೂ ಬದಿ ಓದಿ, ನನ್ನ ಹತ್ತಿರ ಹೇಳಲಿಕ್ಕೆ ಇಷ್ಟು ಅಂಜಿದೆಯಾ ಎಂದಷ್ಟೇ ಕೇಳಿದರು.

ಚಾಚಾನ ನಲವತ್ತು ದಿನ ಕಳೆದ ಮೇಲೆ ಪಾರಿಶ್ವಾಡಕ್ಕೆ ಹೋದೆ. ಬದುವಿನ ಪಕ್ಕದ ದಾರಿಗೆ ಕೆಂಪು ಗರಸು ಹಾಕಿಸಿದ್ದರು. ಎರಡೂ ಕಡೆ ಚಾಚಾ ನೆಡಿಸಿದ ಕಲ್ಲುಗಳು ನೆಟ್ಟಗೆ ನಿಂತಿದ್ದವು. ನರ್ಸಬಾಯಿ ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬರ್ರಿ ಟೀಚರ, ಕುಂದರ್ರಿ ಎಂದು ಎದ್ದರು. ನಾನು ಕೂರದೆ ಹಾಳೆಯನ್ನು ಹಿಂಬದಿ ಮೇಲೆ ಮಾಡಿ ಅವರ ಕೈಗೆ ಕೊಟ್ಟೆ.

ಅವರು ಓದಿದರು. ಮುಂಬದಿ ನೋಡಿದರು, ಮತ್ತೆ ಹಿಂಬದಿ ಓದಿದರು. ಬೈದಿದ್ದರೆ ಚೆನ್ನಾಗಿತ್ತು.

"ಅವರು ಇದ್ದಾಗ ತೋರಸಬೇಕಿತ್ತು ನೀವು" ಎಂದರು. ಆಮೇಲೆ, "ಅವತ್ತ ನಾ ಎಲ್ಲಾರ ಮುಂದ ಕೇಳಿದೆ ಅವರನ್ನ" ಎಂದು ಹೇಳಿ ಮುಖ ಆ ಕಡೆ ತಿರುಗಿಸಿದರು. ಗುಂಪಿನಲ್ಲಿ ನೀವೇ ಹಾಕಿರಿ ಎಂದೆ. ಅವರು ಹಾಳೆಯನ್ನು ನನಗೇ ವಾಪಸು ಕೊಟ್ಟರು. "ನಾ ಯಾಕ ಹಾಕಲಿ? ನೀವ ಹಾಕ್ರಿ. ಎರಡೂ ಬಾಜೂ ಹಾಕ್ರಿ."

ಅಲ್ಲೇ ನಿಂತು ಫೋಟೋ ತೆಗೆದು ಹಾಕಿದೆ. ನಾನು ಮಾಡಿದ್ದನ್ನು ಕೆಳಗೆ ಬರೆದೆ. ನರ್ಸಬಾಯಿ ಒಳಗೆ ಹೋಗಿ ನೀರು ತಂದುಕೊಟ್ಟರು, ಚಹಾ ಕೇಳಲಿಲ್ಲ. ಬಸ್ಸು ಖಾನಾಪುರ ಮುಟ್ಟುವ ಹೊತ್ತಿಗೆ ಗುಂಪಿನ ಎಲ್ಲರೂ ಅದನ್ನು ನೋಡಿಯಾಗಿತ್ತು. ಮರುದಿನ ಸುಬೇದಾರರು ಒಂದೇ ಸಾಲು ಬರೆದರು, 'ಆ ಮನುಷ್ಯನ ಹೆಣದ ಮುಂದೆಯೂ ಅವರ ಕಣ್ಣು ತಪ್ಪಿತು ಎಂದೆನಲ್ಲ ನಾನು' ಎಂದು. ಬೆಂಚುಗಳು ಈಗ ಮತ್ತೆ ತುಂಬುತ್ತವೆಯಂತೆ. ಯಾರಾದರೂ ನಕ್ಷೆ ತಂದರೆ ಮೊದಲು ಮಗುಚಿ ನೋಡುತ್ತಾರಂತೆ. ನಾನು ಆ ಕಡೆ ಹೋಗುವುದಿಲ್ಲ. ನನ್ನನ್ನು ಯಾರೂ ಬರಬೇಡ ಎಂದಿಲ್ಲ, ಬಾ ಎಂದೂ ಅಂದಿಲ್ಲ.

ಇಷ್ಟು ಬರೆದ ಮೇಲೆ ಒಂದು ಉಳಿದಿದೆ. ಹಾಳೆಯ ಹಿಂದೆ ಚಾಚಾ ಮೂರು ಸಾಲು ಬರೆದರು ಎಂದು ಮೇಲೆ ಹೇಳಿದ್ದೇನೆ. ನಾಲ್ಕಿದ್ದವು. ಇಸಾರ ಕೊಟ್ಟದ್ದು ತಿಳಿದ ಮೇಲೆ ಕಿವಿಯ ಸಂದಿಯ ಪೆನ್ಸಿಲನ್ನು ಮತ್ತೆ ತೆಗೆದು ಇನ್ನೊಂದು ಸಾಲು ಸೇರಿಸಿದ್ದರು. ಗುಂಪಿನವರು ನೋಡಿದ್ದಾರೆ, ನರ್ಸಬಾಯಿ ನೋಡಿದ್ದಾರೆ. ಇದನ್ನು ಓದುತ್ತಿರುವ ನಿಮ್ಮಿಂದ ಮಾತ್ರ ಇಲ್ಲಿಯವರೆಗೆ ಮುಚ್ಚಿಟ್ಟೆ. ಹಳೆಯ ಚಾಳಿ. ಆ ನಾಲ್ಕನೆಯದು ಪ್ರಶ್ನೆಯಾಗಿರಲಿಲ್ಲ. ಅವರು ಮಾತಾಡಿದಂತೆಯೇ ಬರೆದಿದ್ದರು:

"ಬಾಯಾರ, ಈ ಜಾಗ ಬ್ಯಾಡ ಅನ್ನಿಸಿದ್ರ ಇನ್ನೊಬ್ರಿಗೆ ದಾಟಸಬ್ಯಾಡ್ರಿ. ನನ್ನ ಹತ್ರ ಬರ್ರಿ. ಬಾಜೂದಾವನ ಕೂಡ ಮಾತಾಡಿ ದಾರಿ ಮಾಡಸಿ ಕೊಡತೇನಿ."

ಅದನ್ನು ನಾನು ಆವತ್ತೇ, ಬದುವಿನ ಮೇಲೆ ಅವರ ಪಕ್ಕದಲ್ಲಿ ನಿಂತೇ ಓದಿದ್ದೆ.